ದ್ವಾದಶಿಯ ರಕ್ತ

ನನ್ನನ್ನು ಆರೋಗ್ಯವಂತಳು ಎಂದು ಆರಿಸಿದವಳು ಅಕ್ಕ. ಮಣಿಪಾಲದ ಒಂದು ಸಣ್ಣ ಸಂಶೋಧನಾ ಗುಂಪಿನವರು ಕೇಳಿದ್ದು ಇಷ್ಟೇ: ಪ್ರತಿ ರೋಗಿಯೂ ತನ್ನ ಮನೆಯಿಂದಲೇ, ಹೆಚ್ಚುಕಡಿಮೆ ತನ್ನದೇ ವಯಸ್ಸಿನ, ಆ ಕಾಯಿಲೆ ಇಲ್ಲದ ಒಬ್ಬರನ್ನು ಜೊತೆಗೆ ಕೊಡಬೇಕು. ಇಬ್ಬರ ರಕ್ತವನ್ನೂ ಒಂದೇ ಬೆಳಿಗ್ಗೆ ತೆಗೆದು ಹೋಲಿಸುತ್ತಾರೆ. ಇವರಲ್ಲಿ ಇದ್ದು ಅವರಲ್ಲಿ ಇಲ್ಲದ್ದು ಏನು, ಅವರಲ್ಲಿ ಇದ್ದು ಇವರಲ್ಲಿ ಇಲ್ಲದ್ದು ಏನು.

"ಇವಳಿದ್ದಾಳಲ್ಲ," ಎಂದಳು ಅಕ್ಕ, ಒಳಕೋಣೆಯ ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ. "ಇವಳಿಗೆ ಎಂತ ರೋಗ? ಎರಡು ಹೊತ್ತು ಉಣ್ತಾಳೆ, ನಡುವೆ ಮಲಗ್ತಾಳೆ."

"ಮಲಗುವುದು ನೀನು," ಎಂದೆ.

"ನಾನು ಮಲಗುವುದಲ್ಲ ಮಾರಾಯ್ತಿ. ನಾನು ಬೀಳುವುದು."

ಈ ವ್ಯತ್ಯಾಸ ಅವಳಿಗೆ ಮುಖ್ಯವಾಗಿತ್ತು. ಉಳಿದವರಿಗೆ ಕಾಣುತ್ತಿರಲಿಲ್ಲ.

ಅಕ್ಕ ಕಾರ್ಕಳದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಉಡುಪಿಯ ನಮ್ಮ ಮನೆಯಿಂದ ಬೆಳಗಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹಿರಿಯಡ್ಕದ ಮೇಲೆ ಹೋಗಿ ಸಂಜೆ ಅದೇ ದಾರಿಯಲ್ಲಿ ಬರುವುದು. ಒಂದು ಮಳೆಗಾಲ ಜ್ವರ ಬಂತು. ಊರಿನ ಅರ್ಧ ಜನಕ್ಕೆ ಬಂದ ಜ್ವರವೇ. ಉಳಿದವರನ್ನು ಬಿಟ್ಟಂತೆ ಅವಳನ್ನೂ ಬಿಟ್ಟಿತು, ಥರ್ಮಾಮೀಟರಿನ ಮಟ್ಟಿಗೆ. ಆಮೇಲೆ ಶುರುವಾದದ್ದಕ್ಕೆ ಬಹಳ ಕಾಲ ಹೆಸರಿರಲಿಲ್ಲ. ಒಂದು ದಿನ ಶಾಲೆಗೆ ಹೋಗಿ ಬಂದರೆ ಆ ದಿನ ಏನೂ ಆಗುವುದಿಲ್ಲ. ಮರುದಿನ, ಕೆಲವೊಮ್ಮೆ ಅದರ ಮರುದಿನ, ತಲೆ ಬಾಚಲು ಕೈ ಮೇಲೇಳುವುದಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಮಿಕ್ಸಿಯ ಸದ್ದಿಗೆ ಹೊಟ್ಟೆ ತೊಳಸುತ್ತದೆ. ಏಳನೆಯ ತರಗತಿಯ ಲೆಕ್ಕವೂ ನಡುವೆ ಕೈಬಿಡುತ್ತದೆ. ನಿದ್ದೆ ಮಾಡಿದರೆ ಇಳಿಯುವ ಆಯಾಸ ಅದಲ್ಲ. ನಿದ್ದೆಯಿಂದ ಎದ್ದಾಗಲೂ ಅದು ಅಲ್ಲೇ ಇರುತ್ತದೆ.

ಜನರಿಗೆ ನಂಬಲಾಗದೆ ಹೋದದ್ದು ಈ ತಡ. ನಿನ್ನೆ ರಥಬೀದಿಯಲ್ಲಿ ನಡೆದು ಹೋಗುತ್ತಿದ್ದವಳನ್ನು ಕಂಡವರೇ ಇವತ್ತು ಫೋನ್ ಮಾಡಿದರೆ ಅವಳಿಗೆ ಏಳಲಿಕ್ಕೆ ಆಗುವುದಿಲ್ಲ ಎಂಬ ಉತ್ತರ ಕೇಳಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಎಲ್ಲ ಸರಿ ಇತ್ತು. ಕೊನೆಗೆ ಒಬ್ಬ ವೈದ್ಯರು ಹೆಸರು ಹೇಳಿದರು: ಕ್ರಾನಿಕ್ ಫಟೀಗ್ ಸಿಂಡ್ರೋಮ್. ಕಾರಣ ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಸೋಂಕಿನ ನಂತರ ಬರುವುದು ಹೆಚ್ಚು, ಹುಡುಕುತ್ತಿದ್ದಾರೆ ಎಂದರು. ಹೆಸರು ಸಿಕ್ಕಿದ್ದರಿಂದ ತೊಂದರೆ ಸ್ವಲ್ಪ ಹೆಚ್ಚೇ ಆಯಿತು. ಅದನ್ನು ಕನ್ನಡದಲ್ಲಿ ಸುಸ್ತು ಎಂದು ಹೇಳಿದ ಕೂಡಲೇ ಎದುರಿಗಿದ್ದವರು "ನಮಗೂ" ಎನ್ನುತ್ತಿದ್ದರು.

ಅಮ್ಮ ದಿನ ಬೆಳಗಾದರೆ ಹೇಳುತ್ತಿದ್ದಳು, "ಸ್ವಲ್ಪ ನಡೆದಾಡು. ನಡೆದಾಡಿದ್ರೆ ಸರಿ ಆಗ್ತದೆ." ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ನಂಬಿಕೆಯೂ ಇರಲಿಲ್ಲ.

ಶಾಲೆಯ ಸಂಚಾಲಕರು ಅಕ್ಕನ ರಜೆಯನ್ನು ಎರಡು ಬಾರಿ ವಿಸ್ತರಿಸಿ ಕೊಟ್ಟಿದ್ದರು. ದಿನಕ್ಕೆ ಎರಡು ಪೀರಿಯಡ್, ಕೆಳಗಿನ ಮಹಡಿಯಲ್ಲಿ, ಅಷ್ಟು ಕೊಟ್ಟರೆ ಬರುತ್ತೇನೆ ಎಂದು ಅಕ್ಕ ಕೇಳಿದ್ದಳು. ಅವರು ಫೋನಿನಲ್ಲಿ ಹೇಳಿದ್ದು ಅವಳಿಗೆ ಬಾಯಿಪಾಠ ಆಗಿತ್ತು. "ರಿಪೋರ್ಟಿನಲ್ಲಿ ಎಂತಾದರೂ ಬರಬೇಕಲ್ಲ ಟೀಚರ್. ಬರೀ ಸುಸ್ತು ಅಂತ ಕಮಿಟಿಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ."

ಹಾಗಾಗಿ ಅಕ್ಕ ಮಣಿಪಾಲದವರಿಂದ ಬಯಸಿದ್ದು ಮದ್ದಲ್ಲ. ಮದ್ದು ಸದ್ಯಕ್ಕೆ ಇಲ್ಲ ಎಂದು ಅವರೇ ಮೊದಲ ದಿನ ಹೇಳಿದ್ದರು. ಅವಳಿಗೆ ಬೇಕಾಗಿದ್ದದ್ದು ಒಂದು ವ್ಯತ್ಯಾಸ. ಯಂತ್ರ ತೋರಿಸುವ, ಇನ್ನೊಬ್ಬರ ಕಣ್ಣಿಗೆ ಕಾಣುವ, ಅವಳ ಮಾತನ್ನು ಅವಲಂಬಿಸದ ಒಂದು ವ್ಯತ್ಯಾಸ. ಅದನ್ನು ಹಿಡಿದುಕೊಂಡು ಕಾರ್ಕಳಕ್ಕೆ ಹೋಗಬೇಕು ಎಂದಿದ್ದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾವು ಮನೆಯಲ್ಲಿ ಆಡುವುದು ತುಳು. ಮೇಲೆ ಬಂದ ಮಾತುಗಳೂ ಮುಂದೆ ಬರುವ ಮಾತುಗಳೂ ಹೆಚ್ಚಿನವು ತುಳುವಿನಲ್ಲಿ ಆಡಿದ್ದು. ಬರೆಯುವಾಗಲೇ ಅವು ಒಂದು ಸಲ ಬದಲಾಗಿವೆ. ಬರೆದದ್ದನ್ನು ಸ್ವಲ್ಪ ಸ್ವಲ್ಪವೇ ಅಕ್ಕನಿಗೆ ಓದಿ ಹೇಳುತ್ತಿದ್ದೇನೆ. ಒಂದು ಪುಟಕ್ಕಿಂತ ಹೆಚ್ಚು ಕೇಳಲು ಅವಳಿಗೆ ಆಗುವುದಿಲ್ಲ. ಅವಳು ತಿದ್ದುತ್ತಾಳೆ. ಸಂಚಾಲಕರ ಮಾತು ಅವಳು ಹೇಳಿದಂತೆಯೇ ಇದೆ. ಏಳನೆಯ ತರಗತಿಯ ಲೆಕ್ಕದ ವಿಷಯ ತೆಗೆ ಎಂದಳು. ನಾನು ತೆಗೆಯಲಿಲ್ಲ. ಒಂದು ಮುದ್ರಣಾಲಯಕ್ಕೆ ಕರಡು ತಿದ್ದುವುದು ನನ್ನ ಕೆಲಸ. ಅಚ್ಚುಕಟ್ಟಾದ ನೆನಪನ್ನು ಕಂಡರೆ ನನಗೆ ಅದನ್ನು ಯಾರೋ ಈಗಾಗಲೇ ತಿದ್ದಿದ್ದಾರೆ ಎಂದು ಅನ್ನಿಸುತ್ತದೆ.

ರಕ್ತ ತೆಗೆಯಲು ಬರುತ್ತಿದ್ದ ಸಂಶೋಧಕಿ ಕಾಪುವಿನವಳು, ದೋಣಿ ಇದ್ದ ಮನೆಯವಳು. ಮೂವತ್ತರ ಆಸುಪಾಸು. ಅಮ್ಮ ಅವಳನ್ನು ಡಾಕ್ಟ್ರೇ ಎಂದು ಕರೆದರೆ "ನಾನು ಆ ಡಾಕ್ಟ್ರಲ್ಲ ಅಮ್ಮ, ನನ್ನ ಹತ್ರ ಮದ್ದಿಲ್ಲ" ಎನ್ನುತ್ತಿದ್ದಳು. ಅವಳ ತುಳು ಬೇರೆ, ನಮ್ಮ ಮನೆಯ ತುಳು ಬೇರೆ. ಎರಡು ಮಾತು ಆದ ಮೇಲೆ ಅಮ್ಮ ಸಂಕೋಚದಿಂದ ಕನ್ನಡಕ್ಕೆ ತಿರುಗುತ್ತಿದ್ದಳು. ಅವಳೂ ತಿರುಗುತ್ತಿದ್ದಳು.

ಮೊದಲ ಸುತ್ತು ಹಾಳಾಯಿತು, ಕಾಫಿಯಿಂದ. ಖಾಲಿ ಹೊಟ್ಟೆಯಲ್ಲಿ ರಕ್ತ ಬೇಕು ಎಂದು ಸಂಶೋಧಕಿ ಮನೆಮನೆಗೆ ಹೇಳಿ ಹೋಗಿದ್ದಳು. ನಮ್ಮ ಓಣಿಯಲ್ಲೇ ಇನ್ನೊಬ್ಬರು ರೋಗಿ ಇದ್ದರು. ಅವರ ಗಂಡ, ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು, ಆ ಮನೆಯ ಆರೋಗ್ಯವಂತರು. ಅವರ ಜಗಲಿಯಲ್ಲಿ ನಡೆದದ್ದನ್ನು ಅವಳು ನಮ್ಮಲ್ಲಿ ಬಂದು ಹೇಳಿದಳು.

"ಖಾಲಿ ಹೊಟ್ಟೆ ಅಲ್ವಾ ಅಂತ ಕೇಳಿದೆ. ಖಾಲಿಯೇ, ಒಂದು ಕಾಫಿ ಕುಡಿದದ್ದು ಅಷ್ಟೇ ಅಂದ್ರು. ಹಾಲು ಹಾಕಿಯಾ ಅಂದೆ. ಹಾಲು ಹಾಕದೆ ಅದೆಂತ ಕಾಫಿ ಅಂತ ನನಗೇ ಕೇಳ್ತಾರೆ."

ಅಮ್ಮ ನಗಲಿಲ್ಲ. "ಹೌದಲ್ಲ. ಕಾಫಿ ತಿಂಡಿ ಅಲ್ವಲ್ಲ," ಎಂದಳು.

"ಅಲ್ಲ ಅಮ್ಮ, ಆದ್ರೆ ನನ್ನ ಯಂತ್ರಕ್ಕೆ ಅದು ತಿಂಡಿಯೇ."

ಆಗ ಅಮ್ಮ ದಾರಿ ತೋರಿಸಿದಳು. "ಖಾಲಿ ಹೊಟ್ಟೆಯೇ ಬೇಕಾದ್ರೆ ದ್ವಾದಶಿ ಬೆಳಿಗ್ಗೆ ಬನ್ನಿ. ಹಿಂದಿನ ದಿನ ಏಕಾದಶಿ. ಪಾರಣೆಗೆ ಮೊದಲು ಬಂದ್ರೆ ಯಾರ ಮನೆಯಲ್ಲೂ ಕಾಫಿ ಇರುದಿಲ್ಲ. ಎಲ್ಲರದ್ದೂ ಖಾಲಿಯೇ."

ಇದು ಸಹಾಯ. ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಸಂಶೋಧಕಿಗೆ ಖುಷಿಯಾಯಿತು. ಅವರ ಮನೆಯಲ್ಲಿ ಏಕಾದಶಿ ಎಂದರೆ ಕ್ಯಾಲೆಂಡರಿನ ಒಂದು ಗುರುತು. ಹೆಚ್ಚೆಂದರೆ ಆ ದಿನ ಅಜ್ಜಿ ಮೀನು ಮುಟ್ಟುವುದಿಲ್ಲ.

ನನಗೆ ದೇವರ ಬಗ್ಗೆ ಖಚಿತವಾದ ಅಭಿಪ್ರಾಯ ಇಲ್ಲ. ಆದರೂ ಏಕಾದಶಿಯ ದಿನ ನಾನು ಏನೂ ತಿನ್ನುವುದಿಲ್ಲ, ನೀರೂ ಕುಡಿಯುವುದಿಲ್ಲ. ಚಿಕ್ಕಂದಿನ ಅಭ್ಯಾಸ ಇರಬೇಕು. ಆ ದಿನ ಹಸಿವೆಯೂ ಆಗುವುದಿಲ್ಲ. ಅಕ್ಕನೂ ಮೊದಲು ಹಾಗೆಯೇ ಇದ್ದಳು. ಕಾಯಿಲೆ ಬಿದ್ದ ಮೇಲೆ ಅಮ್ಮನೇ ಬಿಡಿಸಿದಳು. ಹುಷಾರಿಲ್ಲದವರಿಗೆ, ಮಕ್ಕಳಿಗೆ, ತೀರಾ ಮುದುಕರಿಗೆ ನಿಯಮವಿಲ್ಲ. ಅವಳಿಗೆ ರಾತ್ರಿ ಗೋಧಿ ಸಜ್ಜಿಗೆ, ಬಾಳೆಹಣ್ಣು, ಒಂದು ಲೋಟ ಹಾಲು.

ದ್ವಾದಶಿಯ ಬೆಳಿಗ್ಗೆ ನಮ್ಮ ಮನೆಯ ಅಡುಗೆಮನೆಗೆ ಅವಸರ ಇರುತ್ತದೆ. ಉಪವಾಸ ಮುರಿಯುವ ಪಾರಣೆಗೆ ಹೊತ್ತು ನಿಗದಿ. ಆ ಅವಸರದ ನಡುವೆ ಸಂಶೋಧಕಿ ಮಂಜುಗಡ್ಡೆಯ ಪೆಟ್ಟಿಗೆ ಹಿಡಿದು ಬಂದಳು. ಒಳಗಿನಿಂದ ಒಗ್ಗರಣೆಯ ವಾಸನೆ. ಮೊದಲು ಅಕ್ಕ ತೋಳು ಚಾಚಿದಳು, ಆಮೇಲೆ ನಾನು.

"ಖಾಲಿ ಹೊಟ್ಟೆಯಾ?"

"ಖಾಲಿ," ಎಂದಳು ಅಕ್ಕ.

"ಖಾಲಿ," ಎಂದೆ ನಾನು.

ಇಬ್ಬರೂ ಹೇಳಿದ್ದು ನಿಜ.

ಕೆಲವು ತಿಂಗಳ ನಂತರ ರಕ್ತ ಕೊಟ್ಟವರನ್ನೆಲ್ಲ ಮಣಿಪಾಲಕ್ಕೆ ಕರೆದರು. ಬಾಡಿಗೆ ಕಟ್ಟಡದ ಮೇಲಿನ ಮಹಡಿ, ಲಿಫ್ಟ್ ಇತ್ತು. ಕೂರಲಾಗದವರಿಗೆಂದು ಗೋಡೆಯ ಉದ್ದಕ್ಕೂ ಚಾಪೆ ಹಾಸಿದ್ದರು, ಕಿಟಕಿಗಳಿಗೆ ಪರದೆ ಎಳೆದಿದ್ದರು. ಸಭೆಯೊಂದರಲ್ಲಿ ಅರ್ಧ ಜನ ಮಲಗಿಕೊಂಡು ಕೇಳುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಯಾರೂ ಯಾರನ್ನೂ ಏಕೆ ಮಲಗಿದ್ದೀರಿ ಎಂದು ಕೇಳಲಿಲ್ಲ.

ಎದುರಿನ ಪ್ರೊಜೆಕ್ಟರ್ ಪರದೆಯ ಮೇಲೆ ಚುಕ್ಕೆಗಳ ಎರಡು ಗುಂಪು ಮೂಡಿತು. ಮೇಲೆ ಒಂದು, ಕೆಳಗೆ ಒಂದು, ನಡುವೆ ಖಾಲಿ ಜಾಗ. ಮೇಲಿನದ್ದು ಆರೋಗ್ಯವಂತರು, ಕೆಳಗಿನದ್ದು ರೋಗಿಗಳು. ಸಂಶೋಧಕಿ ವಿವರಿಸಿದಳು. ರಾತ್ರಿಯಿಡೀ ಹೊಟ್ಟೆಗೆ ಏನೂ ಬೀಳದಿದ್ದರೆ ದೇಹ ತನ್ನಲ್ಲಿರುವ ಕೊಬ್ಬನ್ನು ಉರಿಸಲು ತೊಡಗುತ್ತದೆ. ಹಾಗೆ ಉರಿಸಿದ್ದರ ಗುರುತುಗಳು ರಕ್ತದಲ್ಲಿ ಸಿಗುತ್ತವೆ. ಆರೋಗ್ಯವಂತರ ರಕ್ತದಲ್ಲಿ ಅವು ಹೇರಳವಾಗಿವೆ, ರೋಗಿಗಳಲ್ಲಿ ಬಹಳ ಕಡಿಮೆ. "ನಿಮ್ಮ ಜೀವಕೋಶಗಳು ಒಂದು ಇಂಧನದಿಂದ ಇನ್ನೊಂದು ಇಂಧನಕ್ಕೆ ಬದಲಾಗ್ತಾ ಇಲ್ಲ ಅಂತ ಕಾಣ್ತದೆ. ಕಾಣ್ತದೆ ಅಂತ ಹೇಳ್ತಿದ್ದೇನೆ, ಹೌದು ಅಂತ ಹೇಳ್ತಿಲ್ಲ. ಕಾಪುವಿನಲ್ಲಿ ಇನ್ನೊಂದು ಗುಂಪು ನೋಡ್ಲಿಕ್ಕೆ ಉಂಟು."

ಕೊನೆಯ ಮಾತು ಯಾರ ಕಿವಿಗೂ ಬಿದ್ದಂತಿರಲಿಲ್ಲ. ಅಕ್ಕ ಮಲಗಿದ್ದಲ್ಲಿಂದ ನನ್ನ ಸೆರಗು ಎಳೆದಳು. "ಫೋಟೋ ತೆಗಿ." ತೆಗೆದೆ. "ಆ ನಡುವಿನ ಜಾಗ ಸರಿಯಾಗಿ ಬಂತಾ ನೋಡು." ಬಂದಿತ್ತು.

ಆ ಪ್ರಯಾಣಕ್ಕೆ ಅವಳು ಮೂರು ದಿನ ಮಲಗಿದಳು. ಫೋನು ದಿಂಬಿನ ಪಕ್ಕದಲ್ಲೇ ಇತ್ತು. ಅಮ್ಮನಿಗೆ ಚಿತ್ರ ತೋರಿಸಿದಾಗ ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

"ಇದ್ರಲ್ಲಿ ನೀನು ಯಾವುದು?"

"ಕೆಳಗಿನದ್ರಲ್ಲಿ ಯಾವುದೋ ಒಂದು."

"ಇವಳು?"

"ಮೇಲೆ ಎಲ್ಲೋ."

ಅಮ್ಮ ಕನ್ನಡಕ ತೆಗೆದು, ಫೋನನ್ನು ದಿಂಬಿನ ಪಕ್ಕವೇ ಇಟ್ಟಳು. ಮರುದಿನ ಬೆಳಿಗ್ಗೆ ನಡೆದಾಡು ಎನ್ನಲಿಲ್ಲ. ಅದರ ಮರುದಿನವೂ ಇಲ್ಲ. ಸಂಬಂಧಿಕರು ಫೋನ್ ಮಾಡಿದರೆ "ರಕ್ತದಲ್ಲಿ ಉಂಟಂತೆ, ಮಣಿಪಾಲದಲ್ಲಿ ಕಂಡಿದೆ" ಎಂದು ಹೇಳಲು ಶುರು ಮಾಡಿದಳು. ಒಂದಷ್ಟು ದಿನ ನಮ್ಮ ಮನೆ ಹಗುರವಾಗಿತ್ತು. ಹಗುರ ಎಂದು ಬರೆದದ್ದು ಅಕ್ಕನಿಗೆ ಒಪ್ಪಿಗೆಯಾಗಿಲ್ಲ. ಮನೆ ಹಾಗೇ ಇತ್ತು, ಅಮ್ಮನ ಬಾಯಿ ಮುಚ್ಚಿತ್ತು ಎಂದು ಬರೆ ಎಂದಳು.

ಸಂಚಾಲಕರೂ ಒಪ್ಪಿದರು. "ಹಾಗಾದ್ರೆ ಒಮ್ಮೆ ಬನ್ನಿ ಟೀಚರ್, ಮಾತಾಡುವ. ಆ ಚಿತ್ರ ತನ್ನಿ. ಪರೀಕ್ಷೆ ಎಲ್ಲ ಮುಗೀಲಿ."

ಕಾಪುವಿನಿಂದ ಸಂಶೋಧಕಿ ಫೋನ್ ಮಾಡಿದ್ದು ನನಗೆ, ಅಕ್ಕನಿಗಲ್ಲ. "ಒಮ್ಮೆ ಬರ್ಲಿಕ್ಕೆ ಆಗ್ತದಾ? ಟೀಚರಿಗೆ ಈಗಲೇ ಹೇಳ್ಬೇಡಿ."

ಹೋದೆ. ಕಾಪುವಿನ ಕಡಲತೀರದಲ್ಲಿ ಪ್ರವಾಸಿಗರು ದೀಪಸ್ತಂಭದ ಕಡೆ ಹೋಗುತ್ತಿದ್ದರು. ನಾವು ಇನ್ನೊಂದು ಕಡೆ, ಬಲೆ ಒಣಹಾಕಿದ್ದ ಜಾಗದಲ್ಲಿ ನಿಂತಿದ್ದೆವು. ಅಲ್ಲಿಯ ಮೀನುಗಾರರ ಮನೆಗಳಿಂದ ಎರಡನೆಯ ಗುಂಪಿನ ರಕ್ತ ಸಂಗ್ರಹಿಸಿ ಮುಗಿದಿತ್ತು. ಜ್ವರದ ನಂತರ ಅಕ್ಕನ ಹಾಗೆಯೇ ಬಿದ್ದವರು, ಅವರ ಜೊತೆಗೆ ಅವರ ಮನೆಯವರು.

"ಇಲ್ಲಿ ಆ ವ್ಯತ್ಯಾಸ ಇಲ್ಲ," ಎಂದಳು.

"ಸ್ವಲ್ಪವೂ?"

"ರೋಗಿಗಳು ಎಲ್ಲಿದ್ದಾರೋ ಅವರ ಮನೆಯವರೂ ಅಲ್ಲೇ ಇದ್ದಾರೆ. ಎರಡೂ ಕಲಸಿ ಹೋಗಿದೆ."

"ಮೀನು ತಿನ್ನುವುದರಿಂದ ಇರಬಹುದಾ?"

"ನಾನೂ ಅದನ್ನೇ ಅಂದ್ಕೊಂಡದ್ದು. ಆದ್ರೆ ಮೀನು ಇಬ್ರೂ ತಿಂತಾರಲ್ಲ. ವಿಚಿತ್ರ ಎಂತ ಗೊತ್ತುಂಟಾ? ಇಲ್ಲಿಯ ರೋಗಿಗಳೂ ಉಡುಪಿಯ ರೋಗಿಗಳೂ ಒಂದೇ ತರ ಇದ್ದಾರೆ. ಇಲ್ಲಿಯ ಆರೋಗ್ಯವಂತರೂ ಅವರ ಹಾಗೇ ಇದ್ದಾರೆ. ಎಲ್ಲರಿಗಿಂತ ಬೇರೆ ಇರುವುದು ಉಡುಪಿಯ ಆರೋಗ್ಯವಂತರು. ಅಂದ್ರೆ ನೀವು."

ರಸ್ತೆಗೆ ಬಂದಾಗ ಎರಡು ಎಳನೀರು ಕೆತ್ತಿಸಿದಳು. ನಾನು ಬೇಡ ಎಂದೆ, ಇವತ್ತು ಏಕಾದಶಿ.

"ಎಳನೀರು ಆಗ್ತದಲ್ಲ?"

"ನೀರೂ ಇಲ್ಲ."

"ನೀರೂ ಇಲ್ಲ ಅಂದ್ರೆ, ಯಾವಾಗಿನಿಂದ?"

"ನಿನ್ನೆಯ ಊಟ ಆದದ್ದರಿಂದ."

"ಇನ್ನು ಯಾವಾಗ?"

"ನಾಳೆ ಬೆಳಿಗ್ಗೆ, ಪಾರಣೆಗೆ."

"ಟೀಚರೂ ಹಾಗೆಯಾ?"

"ಅವಳಿಗೆ ಹುಷಾರಿಲ್ಲ ಅಲ್ವಾ. ರಾತ್ರಿ ಸಜ್ಜಿಗೆ ತಿಂತಾಳೆ, ಹಾಲು ಕುಡೀತಾಳೆ."

ಅವಳು ತನ್ನ ಎಳನೀರನ್ನೂ ಕುಡಿಯದೆ ಅಂಗಡಿಯವನಿಗೆ ವಾಪಸು ಕೊಟ್ಟಳು.

ನನ್ನ ನೆನಪು ಇದು. ಇದು ತೀರಾ ಅನುಕೂಲವಾಗಿದೆ. ತಿಳಿಯಬೇಕಾದ ದಿನವೇ ಏಕಾದಶಿ, ಕೈಯಲ್ಲಿ ಎಳನೀರು. ಬೇರೆಯವರ ಕರಡಿನಲ್ಲಿ ಇಂಥದ್ದು ಬಂದರೆ ನನ್ನ ಪೆನ್ಸಿಲ್ ಅಲ್ಲಿ ನಿಲ್ಲುತ್ತದೆ. ಬರೆಯುವ ಮೊದಲು ಸಂಶೋಧಕಿಯನ್ನು ಕೇಳಿದೆ. ಉಪವಾಸದ ವಿಷಯ ತನಗೆ ಗೊತ್ತಾದದ್ದು ಬೇರೊಂದು ಮನೆಯಿಂದ, ಫೋನಿನಲ್ಲಿ, ಅದಕ್ಕೂ ಮುಂಚೆ, ನನ್ನನ್ನು ಕಾಪುವಿಗೆ ಕರೆದದ್ದು ಖಚಿತ ಮಾಡಿಕೊಳ್ಳಲು ಎಂದಳು. ಎಳನೀರು ಅವಳಿಗೆ ನೆನಪೇ ಇಲ್ಲ. ಹಳೆಯ ಪಂಚಾಂಗ ತೆಗೆದರೆ ಆ ದಿನ ಏಕಾದಶಿ ಹೌದೋ ಅಲ್ಲವೋ ತಿಳಿಯುತ್ತದೆ. ನಾನು ತೆಗೆದಿಲ್ಲ.

ಎರಡು ನೆನಪುಗಳಲ್ಲೂ ಬದಲಾಗದೆ ಉಳಿಯುವ ಸಂಗತಿ ಒಂದೇ. ಉಡುಪಿಯ ಆರೋಗ್ಯವಂತರು ರಕ್ತ ಕೊಟ್ಟದ್ದು ಒಂದು ಇಡೀ ದಿನ, ಎರಡು ರಾತ್ರಿ ನೀರೂ ಇಲ್ಲದೆ ಇದ್ದ ಮೇಲೆ. ರೋಗಿಗಳು ರಕ್ತ ಕೊಟ್ಟದ್ದು ಹಿಂದಿನ ರಾತ್ರಿ ತಿಂದು ಮಲಗಿ ಎದ್ದ ಮೇಲೆ. ಅಷ್ಟು ಹೊತ್ತು ಹಸಿದ ಯಾವ ದೇಹವಾದರೂ ಕೊಬ್ಬನ್ನು ಉರಿಸುತ್ತದೆ. ಪರದೆಯ ಮೇಲೆ ಆ ಎರಡು ಗುಂಪುಗಳನ್ನು ಬೇರೆ ಮಾಡಿದ್ದು ರೋಗವಲ್ಲ, ಉಪವಾಸ.

ಹೇಳಲು ಸಂಶೋಧಕಿ ತಾನೇ ಉಡುಪಿಗೆ ಬಂದಳು. ಫೋನಿನಲ್ಲಿ ಹೇಳಬಹುದಿತ್ತು. ಒಳಕೋಣೆಯಲ್ಲಿ ಚಾಪೆಯ ಪಕ್ಕ ನೆಲದ ಮೇಲೆ ಕೂತು, ಸುತ್ತುಬಳಸದೆ ಹೇಳಿದಳು. ತಪ್ಪು ನನ್ನದು, ಎಷ್ಟು ಹೊತ್ತಿನಿಂದ ಖಾಲಿ ಎಂದು ನಾನು ಕೇಳಬೇಕಿತ್ತು ಎಂದಳು.

ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಟೀಚರ್ ದನಿಯಲ್ಲಿ ಹೇಳಿದಳು.

"ಹಾಗಾದ್ರೆ ಮೇಲೆ ಹೋದದ್ದು ಅವರು. ನಾವು ಕೆಳಗೆ ಹೋದದ್ದಲ್ಲ."

"ಹೌದು."

"ನನ್ನ ರಕ್ತದಲ್ಲಿ ಎಂತದೂ ಇಲ್ಲ."

"ಹಾಗಲ್ಲ ಟೀಚರ್. ನಾವು ನೋಡಿದ ಜಾಗದಲ್ಲಿ ಇಲ್ಲ. ನೋಡದ ಜಾಗ ತುಂಬ ಉಂಟು."

ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು, "ದ್ವಾದಶಿಗೆ ಬನ್ನಿ ಅಂದದ್ದು ನಾನು."

"ಅವರು ಖಾಲಿ ಹೊಟ್ಟೆ ಕೇಳಿದ್ರು, ನೀನು ಖಾಲಿ ಹೊಟ್ಟೆ ಕೊಟ್ಟಿ," ಎಂದಳು 
ಅಕ್ಕ. "ಹೋಗಮ್ಮ, ಅವರಿಗೆ ಕಾಫಿ ಕೊಡು. ಹಾಲು ಹಾಕಿ."

ಸಂಶೋಧಕಿ ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ. ನಾನು ಅಮ್ಮನ ಮುಖ ನೋಡುತ್ತಿದ್ದೆ. ನಾಳೆ ಬೆಳಿಗ್ಗೆ ಅವಳು ಏನು ಹೇಳುತ್ತಾಳೆ ಎಂಬುದು ನನ್ನ ತಲೆಯಲ್ಲಿತ್ತು. ಕಾರ್ಕಳಕ್ಕೆ ಹೋಗುವ ದಿನ ಅದೇ ವಾರ ಇತ್ತು.

ಬಾಡಿಗೆ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅಕ್ಕ ಮಲಗಿದ್ದಳು, ಕಣ್ಣಿನ ಮೇಲೆ ಬಟ್ಟೆ. ಪರ್ಕಳ ದಾಟಿದ ಮೇಲೆ ನಾನು ಹೇಳಿದೆ, "ಆ ಫೋಟೋ ತೋರಿಸಬೇಡ ಅಂತ ಯಾರೂ ಹೇಳಿಲ್ಲ."

"ಗೊತ್ತುಂಟು."

"ಅಳಿಸಿದ್ದೀಯಾ?"

"ಇಲ್ಲ."

ಬೈಲೂರು ದಾಟಿ ಕಾರ್ಕಳ ಸೇರಿದೆವು.

ಸಂಚಾಲಕರ ಕಚೇರಿ ಮೇಲಿನ ಮಹಡಿಯಲ್ಲಿ. ನಾನು ಹೋಗಿ ಹೇಳಿದ ಮೇಲೆ ಅವರು ಇಳಿದು ಬಂದರು. ರಜೆಯ ಶಾಲೆ, ಕೆಳಗಿನ ಎಂಟನೆಯ ತರಗತಿಯ ಕೋಣೆಯಲ್ಲಿ ಮಕ್ಕಳ ಬೆಂಚಿನ ಮೇಲೆ ಕೂತೆವು. ಅವರದ್ದು ದೊಡ್ಡ ಮೈ, ಬೆಂಚಿಗೂ ಡೆಸ್ಕಿಗೂ ನಡುವೆ ಕಷ್ಟಪಟ್ಟು ತೂರಿಕೊಂಡಿದ್ದರು.

"ಆ ಚಿತ್ರ ತಂದಿದ್ದೀರಾ ಟೀಚರ್?"

"ಉಂಟು. ಆದ್ರೆ ಅದು ತಪ್ಪು."

ಅವಳು ಹೇಳಿದಳು, ಏಕಾದಶಿ, ಸಜ್ಜಿಗೆ, ಕಾಪು, ಎಲ್ಲ. ಅವರು ತಲೆಯಾಡಿಸುತ್ತ ಕೇಳಿದರು. ಒಳ್ಳೆಯ ಮನುಷ್ಯ. ಮುಗಿದ ಮೇಲೆ ದನಿ ತಗ್ಗಿಸಿ, ಆ ಖಾಲಿ ಶಾಲೆಯಲ್ಲಿ ಯಾರೋ ಕೇಳಿಸಿಕೊಳ್ಳುತ್ತಾರೆ ಎಂಬಂತೆ ಹೇಳಿದರು, "ಅದು ತಪ್ಪು ಅಂತ ಇಲ್ಲಿ ಯಾರಿಗೆ ಗೊತ್ತಾಗ್ತದೆ? ನನಗೆ ಕಳ್ಸಿ. ಕಮಿಟಿಯವರಿಗೆ ಒಂದು ಕಾಗದ ಕಂಡ್ರೆ ಸಾಕು. ನೀವು ಎಂತದೂ ಹೇಳುದು ಬೇಡ."

ಅಕ್ಕ ಫೋನು ಕೈಗೆ ತೆಗೆದುಕೊಂಡಳು. ಇದನ್ನು ನಾನು ಖಚಿತವಾಗಿ ಕಂಡಿದ್ದೇನೆ. ಅವಳೂ ಇದನ್ನು ಅಲ್ಲಗಳೆದಿಲ್ಲ. ಚಿತ್ರವನ್ನು ತೆರೆದಳು. ನೋಡುತ್ತ ಕೂತಳು. ಹೊರಗೆ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು.

"ಬೇಡ," ಎಂದಳು.

"ಯಾಕೆ ಟೀಚರ್?"

"ನಾಳೆ ಅವರಿಗೆ ನಿಜವಾದದ್ದು ಸಿಕ್ಕಿದ್ರೆ, ಆಗ ಅದನ್ನು ತಗೊಂಡು ಎಲ್ಲಿಗೆ ಬರ್ಲಿ? ಒಂದು ಸಲ ಸುಳ್ಳು ತೋರಿಸಿದ್ರೆ ಎರಡನೇ ಸಲ ಯಾರು ನೋಡ್ತಾರೆ?"

"ಹಾಗಾದ್ರೆ ನನ್ನ ಕೈಯಲ್ಲಿ ಎಂತ ಉಂಟು, ಕಮಿಟಿಗೆ ಹೇಳ್ಲಿಕ್ಕೆ?"

"ಇಷ್ಟು ವರ್ಷ ನೋಡಿದ್ದೀರಲ್ಲ ನನ್ನನ್ನು. ಸುಮ್ಮನೆ ಮಲಗುವವಳಾ ನಾನು?"

"ನನಗೆ ಗೊತ್ತುಂಟು ಟೀಚರ್. ಕಮಿಟಿಗೆ ಗೊತ್ತಿರಬೇಕಲ್ಲ." ಅವರು ಬೆಂಚಿನಿಂದ ಹೊರಬರಲು ಡೆಸ್ಕನ್ನು ತಳ್ಳಿದರು. ಹೇಳಿ ನೋಡುತ್ತೇನೆ ಎಂದರು. ಹೇಳಿ ನೋಡುವ ದನಿ ಅದಾಗಿರಲಿಲ್ಲ.

ವಾಪಸು ಬರುವಾಗ ಅಕ್ಕ ಕೇಳಿದಳು, "ಕೊಡಬಹುದಿತ್ತಾ?"

"ಕೊಡಬಹುದಿತ್ತು," ಎಂದೆ.

ಅವಳು ಬಟ್ಟೆಯನ್ನು ಕಣ್ಣಿನ ಮೇಲೆ ಎಳೆದುಕೊಂಡಳು. ನಾನು ಬೇರೆ ಏನಾದರೂ ಹೇಳಬೇಕಿತ್ತೇ ಎಂದು ಈಗ ಕೇಳಿದರೆ ಅವಳು, ನಿನ್ನನ್ನು ಕೇಳಿದ್ದೇ ಇಲ್ಲ, ಡ್ರೈವರನ್ನು ಕೇಳಿದ್ದು ಎನ್ನುತ್ತಾಳೆ. ಅದು ತಮಾಷೆ ಎಂದುಕೊಂಡಿದ್ದೇನೆ.

ಎರಡನೆಯ ದಿನ ಬಿದ್ದಳು. ಮಣಿಪಾಲದ ಸಲಕ್ಕಿಂತ ಜೋರಾಗಿ. ನೀರಿನ ಲೋಟ ಎತ್ತಲೂ ಆಗಲಿಲ್ಲ, ಚಮಚದಿಂದ ಕುಡಿಸಿದೆವು. ಆ ದಿನವೇ ಪೆರ್ಡೂರಿನಿಂದ ಚಿಕ್ಕಮ್ಮನ ಫೋನು. ಚಿಕ್ಕಮ್ಮನ ದನಿ ದೊಡ್ಡದು, ಫೋನು ಕಿವಿಯಿಂದ ದೂರ ಹಿಡಿದರೂ ಕೇಳುತ್ತದೆ. ಮಣಿಪಾಲದ್ದು ಎಂತಾಯ್ತು ಎಂದು ಕೇಳಿದರು. ಅಮ್ಮ ಬಾಳೆಕಾಯಿ ಹೆಚ್ಚುತ್ತಿದ್ದಳು. ಕತ್ತಿಮಣೆಯಿಂದ ಏಳಲಿಲ್ಲ.

"ಅದ್ರಲ್ಲಿ ಎಂತದೂ ಬರ್ಲಿಲ್ಲ," ಎಂದಳು.

"ಹಾಗಾದ್ರೆ ಅವಳಿಗೆ ಎಂತ ಆದದ್ದು?"

"ಅವಳಿಗೆ ಹುಷಾರಿಲ್ಲ."

ಆ ಕಡೆಯಿಂದ ಇನ್ನೇನೋ ಬಂತು. ಅಮ್ಮ, "ಇಡ್ತೇನೆ, ಸದ್ದಾದ್ರೆ ಅವಳಿಗೆ ಆಗುದಿಲ್ಲ" ಎಂದು ಇಟ್ಟಳು. ಮಧ್ಯಾಹ್ನದ ಅಡುಗೆಯ ತೆಂಗಿನಕಾಯಿಯನ್ನು ಮಿಕ್ಸಿಗೆ ಹಾಕದೆ ಹಿತ್ತಿಲಿನ ಕಲ್ಲಿನಲ್ಲಿ ರುಬ್ಬಿದಳು.

ಜೂನಿನಲ್ಲಿ ಶಾಲೆಯವರು ಬೇರೆ ಗಣಿತ ಟೀಚರನ್ನು ತೆಗೆದುಕೊಂಡರು. ಸಂಚಾಲಕರು ತಾವೇ ಫೋನ್ ಮಾಡಿ ತಿಳಿಸಿದರು. ಹತ್ತನೆಯ ತರಗತಿಯವರಿಗೆ ಶನಿವಾರ ಒಂದು ವಿಶೇಷ ತರಗತಿ ಇರುತ್ತದೆ, ಆಗುವ ಶನಿವಾರ ಬನ್ನಿ, ಅದಕ್ಕೆ ಕಮಿಟಿ ಬೇಡ ಎಂದರು. ಅಕ್ಕ ಒಂದು ದಿನ ಯೋಚಿಸಿ ಒಪ್ಪಿದಳು.

ಮಣಿಪಾಲದ ಕೆಲಸ ನಿಂತಿಲ್ಲ. ಸಾಧಾರಣ ದಿನವೊಂದರಲ್ಲಿ, ಹಿಂದಿನ ರಾತ್ರಿ ಇಬ್ಬರೂ ಒಂದೇ ಹೊತ್ತಿಗೆ ಒಂದೇ ಊಟ ಮಾಡಿದ ಮೇಲೆ, ಮತ್ತೆ ರಕ್ತ ತೆಗೆದರು. ಮೊದಲಿನ ವ್ಯತ್ಯಾಸ ಅಲ್ಲಿ ಇರಲಿಲ್ಲ. ವಿಶ್ರಾಂತಿಯಲ್ಲಿರುವಾಗ ಅಲ್ಲ, ದಣಿದ ಮೇಲೆ ನೋಡಬೇಕು ಎಂಬುದು ಈಗಿನ ಊಹೆ. ಸೋಂಕಿನೊಂದಿಗೆ ಹೋರಾಡುವ ಕೋಶಗಳು ಆಗ ಹೇಗೆ ವರ್ತಿಸುತ್ತವೆ ಎಂದು. ಅದಕ್ಕೆ ಎರಡು ದಿನ ಸೈಕಲ್ ಯಂತ್ರ ತುಳಿಯಬೇಕು ಎಂದು ಸಂಶೋಧಕಿ ವಿವರಿಸಿದಳು.

"ಅಂದ್ರೆ ನೀವು ನನ್ನನ್ನು ಬೀಳಿಸಿ ನೋಡಬೇಕು," ಎಂದಳು ಅಕ್ಕ.

"ಹೌದು. ಬೇಡದಿದ್ರೆ ಬೇಡ."

"ತಿಂಗಳಿಗೆ ಬೀಳ್ಲಿಕ್ಕೆ ನನ್ನ ಹತ್ರ ಇರುವುದು ಒಂದೋ ಎರಡೋ ಸಲ. ಸೈಕಲಿಗೆ ಹಾಕಿದ್ರೆ ಕ್ಲಾಸಿಗೆ ಇಲ್ಲ. ಕ್ಲಾಸು ಮಾಡಿ ಬೀಳ್ತೇನೆ, ಆಗ ಬಂದು ತೆಗೀರಿ. ಆಗ್ತದಾ?"

ಸಂಶೋಧಕಿ ಸ್ವಲ್ಪ ಯೋಚಿಸಿದಳು. ಸೈಕಲಿನಷ್ಟು ಕರಾರುವಾಕ್ಕು ಆಗುವುದಿಲ್ಲ, ಬರೆಯುವಾಗ ಹಾಗೆಂದೇ ಬರೆಯುತ್ತೇನೆ ಎಂದಳು. ತರಗತಿಯ ಹಿಂದಿನ ದಿನ ಒಮ್ಮೆ, ಬಿದ್ದ ದಿನ ಒಮ್ಮೆ ಬರುತ್ತಾಳೆ. ನನ್ನದನ್ನೂ ತೆಗೆಯುತ್ತಾಳೆ. ಈಗ ಕೇಳುವ ಮೊದಲ ಪ್ರಶ್ನೆ, ಕೊನೆಗೆ ಬಾಯಿಗೆ ಹಾಕಿದ್ದು ಎಂತ, ಎಷ್ಟು ಹೊತ್ತಿಗೆ. ಆ ರಕ್ತವೆಲ್ಲ ಮಣಿಪಾಲದ ಫ್ರೀಜರಿನಲ್ಲಿದೆ. ಅದರಲ್ಲಿ ಏನಿದೆ ಎಂದು ಇದನ್ನು ಬರೆಯುವ ಹೊತ್ತಿಗೆ ಗೊತ್ತಿಲ್ಲ.

ಆಗದ ಶನಿವಾರ ಅಕ್ಕ ಬೆಳಿಗ್ಗೆಯೇ ಶಾಲೆಗೆ ಫೋನ್ ಮಾಡುತ್ತಾಳೆ. ಮೊದಲೆಲ್ಲ ಅವಳ ಫೋನು ಉದ್ದ ಇರುತ್ತಿತ್ತು. ತಲೆ, ಕೈ, ಬೆಳಕು, ನಿನ್ನೆ ಹೇಗಿತ್ತು, ಮೊನ್ನೆ ಹೇಗಿತ್ತು, ಡಾಕ್ಟರು ಏನೆಂದರು. ಈಗ "ಇವತ್ತು ಆಗುದಿಲ್ಲ" ಎಂದು ಹೇಳಿ ಇಡುತ್ತಾಳೆ. ಆ ಕಡೆಯವರು ಯಾಕೆ ಎಂದು ಕೇಳುವುದಿಲ್ಲ. ಅದು ನಂಬಿಕೆಯೋ, ಕೇಳಿ ಸಾಕಾಗಿಯೋ, ಈ ಕಡೆಯಿಂದ ತಿಳಿಯುವುದಿಲ್ಲ. ಅಕ್ಕ ಫೋನನ್ನು ಮಗುಚಿ ನೆಲದ ಮೇಲಿಟ್ಟು ಗೋಡೆಯ ಕಡೆ ತಿರುಗುತ್ತಾಳೆ.